ಕ್ಯೂನಲ್ಲಿ ನಿಂತ ಲಾರಿಗಳ ಎಂಜಿನ್ ಬಂದ್ ಮಾಡಿಸಿದ್ದು ಹೀಗೆ

"ಡ್ರೈವರ್‌ಗಳು ಎಂಜಿನ್ ಬಂದ್ ಮಾಡಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಎಂದು ಹೇಳದವರೇ ಇರಲಿಲ್ಲ. ಈಗ ನಮ್ಮ ಗೋದಾಮಿನಲ್ಲಿ ಹತ್ತು ಹನ್ನೆರಡು ಲಾರಿ ಕಾಯುತ್ತಿದ್ದರೂ ಗುಡುಗುಡು ಸದ್ದಿಲ್ಲ. ಬೈದು ಮಾಡಿಸಿದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟಿದ್ದನ್ನು ಹೇಳುತ್ತೇನೆ. ಬೋರ್ಡ್ ಹಾಕಿದೆವು, ಯಾರೂ ಓದಲಿಲ್ಲ. ಗಾರ್ಡ್ ಬಂದಾಗ ಆಫ್, ಆಚೆ ಹೋದರೆ ಮತ್ತೆ ಸೆಲ್ಫ್. ದಂಡ ಹಾಕಿದ್ದಂತೂ ಇನ್ನೂ ಕೆಟ್ಟದಾಯಿತು. ಗಾಡಿಗಳು ಗೇಟ್ ಬಿಟ್ಟು ಹಿಂದಿನ ಗಲ್ಲಿಗೆ ಹೋದವು, ನೇರವಾಗಿ ಮನೆಗಳ ಕಿಟಕಿ ಕೆಳಗೆ. ಅಲ್ಲೊಂದು ಮನೆಯ ಕಿಟಕಿ ಕಟ್ಟೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದೆ. ಮಣ್ಣಿನ ಧೂಳಾದರೆ ಕೊಡವಿದರೆ ಉದುರುತ್ತದೆ. ಇದು ಕಾಡಿಗೆಯ ಹಾಗೆ ಬಳಿದುಕೊಂಡಿತು. ಆ ಮನೆಯ ಹುಡುಗ ಇನ್‌ಹೇಲರ್ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ. ಅದು ಗೊತ್ತಿದ್ದೂ ಸುಮ್ಮನಿರಲು ನನ್ನಿಂದಾಗಲಿಲ್ಲ.

ಒಂದಷ್ಟು ದಿನ ಕ್ಯಾಬಿನ್‌ಗಳಲ್ಲೇ ಕೂತೆ. ಸೋಮಾರಿತನ ಕಾರಣವೇ ಅಲ್ಲ. ಕ್ಯೂ ಹತ್ತಡಿ ಹತ್ತಡಿ ಜರುಗುತ್ತದೆ, ಆಫ್ ಮಾಡಿದವನ ಜಾಗ ಹಿಂದಿನವನ ಪಾಲು. ಬ್ಯಾಟರಿ ಹಳೆಯದು, ನಿಂತರೆ ಮತ್ತೆ ಸೆಲ್ಫ್ ಎತ್ತುವುದಿಲ್ಲ ಎಂಬ ಭಯ. ಮೂರನೆಯದು ಏರ್ ಲೀಕ್, ಅಂದರೆ ಬ್ರೇಕ್ ಬಿಡಿಸಿಡಲು ಎಂಜಿನ್ ತುಂಬಿಸುವ ಒತ್ತಡದ ಗಾಳಿ ಸೋರುವುದು. ಇದನ್ನು ಎಷ್ಟೋ ಜನ ನೋಡುವುದೇ ಇಲ್ಲ. ಎಂಜಿನ್ ನಿಂತರೆ ಏರ್ ಇಳಿದು ಬ್ರೇಕ್ ಹಿಡಿದುಕೊಳ್ಳುತ್ತದೆ, ಮತ್ತೆ ತುಂಬುವವರೆಗೆ ಗಾಡಿ ಕದಲದು. ಹಾಗಿರುವಾಗ ಯಾವ ಡ್ರೈವರ್ ಆಫ್ ಮಾಡುತ್ತಾನೆ ಹೇಳಿ?

ಟೋಕನ್ ಕೊಟ್ಟೆವು. ಲೋಡಿಂಗ್ ಜಾಗ ಖಾಲಿಯಾದಾಗ ಫೋನ್. ಅಲ್ಲಿಯವರೆಗೆ ಮನೆಗಳಿಂದ ದೂರದ ಮೂಲೆಯಲ್ಲಿ, ಶೀಟಿನ ನೆರಳಲ್ಲಿ ನಿಲ್ಲಬೇಕು. ಏರ್ ತುಂಬಿಸಿ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಏರ್ ಮೀಟರಿನ ಮುಳ್ಳು ನೋಡಿದೆ. ಇಳಿದ ಗಾಡಿಗಳೆಲ್ಲ ವರ್ಕ್‌ಶಾಪ್‌ಗೆ. ಪೈಪು, ವಾಲ್ವು ಸಣ್ಣ ಖರ್ಚು. ಬ್ಯಾಟರಿಯೇ ದೊಡ್ಡದು. ಮಾಲೀಕರು ಒಪ್ಪಲಿಲ್ಲ. ಆಗ ಜಿಪಿಎಸ್ ದಾಖಲೆ ತೆಗೆದೆ. ನಮ್ಮ 40ರಷ್ಟು ಲಾರಿ ತಲಾ ಒಂದೂವರೆ ಗಂಟೆ ನಿಂತಲ್ಲೇ ಉರಿಯುತ್ತಿದ್ದವು. ಗಂಟೆಗೆ 3 ಲೀಟರ್ ಹಿಡಿದರೂ ದಿನಕ್ಕೆ 180 ಲೀಟರ್! ಮಾಲೀಕರು ಲೆಕ್ಕವನ್ನು ಇನ್ನೊಮ್ಮೆ ಮಾಡಿಸಿ ಸಹಿ ಹಾಕಿದರು. ಬ್ಯಾಟರಿ ದುಡ್ಡು ಮೂರ್ನಾಲ್ಕು ತಿಂಗಳಲ್ಲಿ ವಾಪಸ್ ಬಂತು. ಈಗ ದಿನಕ್ಕೆ 40 ಲೀಟರ್ ದಾಟುವುದೇ ಅಪರೂಪ. ಉಳಿತಾಯದಲ್ಲಿ ಡ್ರೈವರ್‌ಗೂ ಪಾಲಿದೆ. ಎಷ್ಟು, ಯಾವ ಲೆಕ್ಕದಲ್ಲಿ ಹಂಚುತ್ತೇನೆ ಎನ್ನುವುದು ನನ್ನಲ್ಲೇ ಇರಲಿ. ಜಗಳವಿಲ್ಲದೆ ನಡೆಯುತ್ತಿರುವುದು ಅದರಿಂದಲೇ.

"ಹೊಸ ಗಾಡಿಗೆ ಫಿಲ್ಟರ್ ಇದೆ ಅಲ್ವಾ?" ಎನ್ನುವವರಿದ್ದಾರೆ. ಸುಮ್ಮನೆ ಉರಿಯುವಾಗ ಹೊಗೆ ಅಷ್ಟು ಬಿಸಿಯಾಗುವುದಿಲ್ಲ. ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡಲು ಯೂರಿಯಾ ಸಿಂಪಡಿಸುವ ಸಿಸ್ಟಂ ಸರಿಯಾಗಿ ಕೆಲಸ ಮಾಡಲು 200 ಡಿಗ್ರಿ ಹತ್ತಿರ ಬೇಕು. ಫಿಲ್ಟರಿನ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ. ಇನ್ನು ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ತಣ್ಣಗಾಗಲಿ ಎಂದು ಎಂಜಿನ್ ಓಡಿಸಿಡುವವರಿದ್ದಾರೆ. ಅದಕ್ಕೆ ಮೂರರಿಂದ ಐದು ನಿಮಿಷ ಸಾಕು, ಅದೂ ಲೋಡ್ ಎಳೆದು ಬಂದಿದ್ದರೆ ಮಾತ್ರ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಗಾಳಿಯಲ್ಲಿನ ಧೂಳು ಎಣಿಸುವ ಲೇಸರ್ ಸೆನ್ಸರ್ ತಂದು ಕಾಂಪೌಂಡ್ ಮೇಲೆ ಕಟ್ಟಿದೆ. ಮಂಜು ಬಿದ್ದ ಬೆಳಿಗ್ಗೆ ನೀರಿನ ಹನಿಯನ್ನೇ ಧೂಳೆಂದು ಎಣಿಸಿತು. ಎಂಜಿನ್ನಿನಿಂದ ಆಗತಾನೇ ಹೊರಬಿದ್ದ ಮಸಿ ತೀರಾ ಸಣ್ಣದು, ಅದರಲ್ಲಿ ಹೆಚ್ಚಿನದು ಅದಕ್ಕೆ ಕಾಣಿಸುವುದೇ ಇಲ್ಲ. ಕೊನೆಗೆ ಗಾಳಿ ಬರುವ ಕಡೆ ಒಂದು, ಹೋಗುವ ಕಡೆ ಒಂದು ಇಟ್ಟು, ಎರಡರ ವ್ಯತ್ಯಾಸ ಮಾತ್ರ ಬರೆದಿಟ್ಟೆ. ತಣ್ಣನೆಯ ನಸುಕಿನಲ್ಲಿ ಹೊಗೆ ಮೇಲೇಳದೆ ಅಲ್ಲೇ ಕೂರುತ್ತದೆ, ವ್ಯತ್ಯಾಸವೂ ಆಗಲೇ ಜಾಸ್ತಿ. ಅದಕ್ಕೆ ಮೊದಲ ಟೋಕನ್‌ಗಳನ್ನು ಬೆಳಕು ಹರಿದ ಮೇಲೆ ಕೊಡುತ್ತೇನೆ.

ಫ್ರೀಜರ್ ಲಾರಿಗಳದ್ದು ಇನ್ನೂ ಬಾಕಿ ಇದೆ. ತಂಪಿಡಲು ಅವಕ್ಕೆ ಬೇರೆಯೇ ಡೀಸೆಲ್ ಎಂಜಿನ್ ಇರುತ್ತದೆ, ಲಾರಿ ಆಫ್ ಮಾಡಿದರೂ ಅದು ಓಡುತ್ತಲೇ ಇರುತ್ತದೆ. ಲೋಡಿಂಗ್ ಜಾಗದಲ್ಲಿ ಕರೆಂಟ್ ಪಾಯಿಂಟ್ ಎಳೆಸಿದ್ದೇನೆ. ಕೆಲವು ಗಾಡಿಗಳಿಗೆ ಸರಿಹೋಯಿತು, ಇನ್ನು ಕೆಲವಕ್ಕೆ ಪ್ಲಗ್ಗೇ ಹೊಂದುವುದಿಲ್ಲ. ಈಗ ಅದರ ಹಿಂದೆ ಬಿದ್ದಿದ್ದೇನೆ.