ಮಗಳ ಕ್ಲಾಸಿನ ಜೊತೆ ಸ್ಯಾನ್ ವಾನ್ ಬಟಿಸ್ಟಾ ಮಿಷನ್‌ಗೆ

ಕ್ಯಾಲಿಫೋರ್ನಿಯಾದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಸ್ಪ್ಯಾನಿಷ್ ಮಿಷನ್‌ಗಳ, ಅಂದರೆ ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿ ಮಾಡಲು ಪಾದ್ರಿಗಳು ನಡೆಸುತ್ತಿದ್ದ ನೆಲೆಗಳ ಪಾಠ ಇರುತ್ತದೆ. 1769ರಿಂದ 1823ರ ನಡುವೆ ಕಟ್ಟಿದ 21 ಮಿಷನ್‌ಗಳಲ್ಲಿ ಯಾವುದಾದರೂ ಒಂದನ್ನು ಎಷ್ಟೋ ಶಾಲೆಗಳು ತೋರಿಸಿಕೊಂಡು ಬರುತ್ತವೆ. ಮಗಳ ಕ್ಲಾಸು 1797ರಲ್ಲಿ ಶುರುವಾದ ಸ್ಯಾನ್ ವಾನ್ ಬಟಿಸ್ಟಾಗೆ ಹೊರಟಾಗ ಜೊತೆಗೆ ಬರುತ್ತೇನೆ ಅಂತ ಹೆಸರು ಕೊಟ್ಟೆ.

ಟೀಚರ್ ನನಗೆ ನಾಲ್ಕೈದು ಮಕ್ಕಳನ್ನು ಒಪ್ಪಿಸಿದರು. ತಲೆ ಎಣಿಸುವುದು, ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು, ಊಟದ ಚೀಲ ನೋಡಿಕೊಳ್ಳುವುದು ಇದ್ದೇ ಇರುತ್ತದೆ. ಅಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ. ಮುಂಚೆಯೇ ಓದಿಕೊಂಡು, ಎಲ್ಲೆಲ್ಲಿ ಏನು ಕೇಳಬೇಕು ಅಂತ ಬರೆದಿಟ್ಟುಕೊಂಡಿದ್ದೆ.

ಚರ್ಚಿನೊಳಗೆ ಹೋದ ತಕ್ಷಣ "ನೆಲ ನೋಡಿ" ಅಂದೆ. ಅಲ್ಲಿನ ಕೆಂಪು ಬಿಲ್ಲೆಗಳ ಮೇಲೆ ಪ್ರಾಣಿಗಳ ಹೆಜ್ಜೆ ಮೂಡಿವೆ. ಹಸಿ ಬಿಲ್ಲೆಗಳನ್ನು ಬಯಲಲ್ಲಿ ಒಣಗಲು ಇಟ್ಟಾಗ ತುಳಿದು ಹೋದವು. ಮಕ್ಕಳು ಮಂಡಿಯೂರಿ ಹುಡುಕತೊಡಗಿದರು. ಆಗ ಕೇಳಿದೆ, "ಇವನ್ನು ಮಾಡಿದ್ದು ಯಾರು?" "ಪಾದ್ರಿಗಳು" ಅಂದರು. ಅಲ್ಲ, ಮಣ್ಣು ಕಲಸಿ ಗೋಡೆ ಎಬ್ಬಿಸಿದವರು ಇಲ್ಲಿನ ಮೂಲನಿವಾಸಿಗಳಾದ ಮುತ್ಸುನ್ ಜನ ಅಂತ ಹೇಳಿದೆ. ಜ್ಞಾನಸ್ನಾನ ಆಗಿ ಕ್ರೈಸ್ತರಾದ ಮೇಲೆ ಅವರು ಅಪ್ಪಣೆ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು. ಒಂಬತ್ತು-ಹತ್ತು ವರ್ಷದ ಮಕ್ಕಳಿಗೆ ಇದು ಅರ್ಥವಾಗುತ್ತದೆ, ಮುಚ್ಚಿಡಬೇಕಾಗಿಲ್ಲ.

ಚರ್ಚಿನ ಪಕ್ಕದ ಸ್ಮಶಾನದಲ್ಲಿ ಜಾಸ್ತಿ ಹೊತ್ತು ನಿಂತೆವು. ಅಲ್ಲಿ 4,000ಕ್ಕೂ ಹೆಚ್ಚು ಮೂಲನಿವಾಸಿಗಳನ್ನು ಹೂಳಿದ್ದಾರೆ. ಬಹಳಷ್ಟು ಸಮಾಧಿಗಳಿಗೆ ಹೆಸರೇ ಇಲ್ಲ. ದಡಾರದಂಥ ಹೊರಗಿನಿಂದ ಬಂದ ಕಾಯಿಲೆಗಳು ಎಷ್ಟೋ ಜನರನ್ನು ಕೊಂದವು. "ಹಾಗಾದ್ರೆ ಈಗ ಯಾರೂ ಇಲ್ವಾ?" ಅಂತ ಒಬ್ಬ ಹುಡುಗ ಕೇಳಿದ. ಇದ್ದಾರೆ. ಅಮಾ ಮುತ್ಸುನ್ ಪಂಗಡದವರು ತಮ್ಮ ಭಾಷೆಯನ್ನು ಮತ್ತೆ ಕಲಿಯುತ್ತಿದ್ದಾರೆ. ಅದನ್ನು ಚೆನ್ನಾಗಿ ಮಾತಾಡುತ್ತಿದ್ದ ಕೊನೆಯಾಕೆ ಅಸೆನ್ಸಿಯೋನ್ ಸೊಲೋರ್ಸಾನೊ 1930ರಲ್ಲಿ ತೀರಿಕೊಂಡರು. ಭಾನುವಾರ ಕನ್ನಡ ಕ್ಲಾಸಿಗೆ ಹೋಗುವ ನನ್ನ ಮಗಳಿಗೆ ಕುತೂಹಲ: "ಮಾತಾಡೋರೇ ಇಲ್ಲದಿದ್ದರೆ ಕಲಿಯೋದು ಹೇಗೆ ಅಮ್ಮಾ?" ಅಸೆನ್ಸಿಯೋನ್ ಹೇಳಿದ್ದನ್ನು ಹ್ಯಾರಿಂಗ್ಟನ್ ಎಂಬ ಭಾಷಾತಜ್ಞ ಬರೆದುಕೊಂಡಿದ್ದರು, ಆ ಬರಹಗಳೇ ಈಗ ಆಧಾರ ಅಂದೆ.

ಸ್ಮಶಾನದ ಪಕ್ಕದ ಇಳಿಜಾರಿನ ಬುಡದಲ್ಲೇ ಭೂಕಂಪಗಳಿಗೆ ಕಾರಣವಾಗುವ ಸ್ಯಾನ್ ಆಂಡ್ರಿಯಾಸ್ ಎಂಬ ಭೂಮಿಯ ಬಿರುಕು ಹಾದುಹೋಗುತ್ತದೆ. 1906ರ ಭೂಕಂಪಕ್ಕೆ ಚರ್ಚಿನ ಪಕ್ಕದ ಗೋಡೆಗಳು ಬಿದ್ದಿದ್ದವು. ಇದನ್ನು ಕೊನೆಗೆ ಇಟ್ಟುಕೊಳ್ಳಿ, ದಣಿದ ಮಕ್ಕಳೂ ಎದ್ದು ಬರುತ್ತಾರೆ. ಗಿಫ್ಟ್ ಶಾಪಿಗೆ ಎಷ್ಟು ಹೊತ್ತು ಅಂತ ಟೀಚರನ್ನು ಮೊದಲೇ ಕೇಳಿ. ಅದರಲ್ಲಿ ಸ್ವಲ್ಪ ಕಡಿಮೆ ಮಾಡಿ ಸ್ಮಶಾನಕ್ಕೆ ಕೊಡಲು ನಮ್ಮ ಟೀಚರ್ ಖುಷಿಯಿಂದ ಒಪ್ಪಿದರು.