ಹಳೆಯ ಡನ್‌ಹಿಲ್ ಪೈಪ್ ಕೊಳ್ಳುವ ಮೊದಲು ಅಂಕಿ ನೋಡಿ

ಲಂಡನ್ನಿನ ಡನ್‌ಹಿಲ್ ಕಂಪನಿಯ ಬ್ರೈಯರ್ (ಗಟ್ಟಿ ಬೇರಿನ ಮರದ) ತಂಬಾಕು ಪೈಪ್ ಸಂಗ್ರಹಿಸುವವರು ಮೌತ್‌ಪೀಸಿನ, ಅಂದರೆ ಬಾಯಲ್ಲಿಡುವ ತುದಿಯ, ಮೇಲೆ ಆ ಕಂಪನಿಯ ಗುರುತಾದ ಬಿಳಿ ಚುಕ್ಕೆಯನ್ನು ಕಂಡೊಡನೆ ಹಣ ಕೊಡಬೇಡಿ. ಭೂತಗನ್ನಡಿ ಹಿಡಿದು ಕೊಳವೆಯ ಮೇಲಿನ ‘ಮೇಡ್ ಇನ್ ಇಂಗ್ಲೆಂಡ್’ ಮುದ್ರೆಯ ಕೊನೆಯ ಅಂಕಿಯನ್ನು ಓದಿ. 1950 ಮತ್ತು 1960ರ ದಶಕದ ಪೈಪ್‌ಗಳಲ್ಲಿ ಅದು ಚಿಕ್ಕದಾಗಿ, ಅಕ್ಷರಗಳಿಗಿಂತ ಮೇಲೆ ಇದ್ದರೆ 1950ಕ್ಕೆ ಕೂಡಿಸಿ, ಪೈಪ್ ತಯಾರಾದ ವರ್ಷ ಸಿಗುತ್ತದೆ. ಅಕ್ಷರದಷ್ಟೇ ದೊಡ್ಡದಾಗಿ ಅದೇ ಸಾಲಿನಲ್ಲಿದ್ದರೆ 1960ಕ್ಕೆ. ಹೀಗಾಗಿ ಒಂದೇ 5, 1955 ಆಗಬಹುದು, 1965 ಕೂಡ ಆಗಬಹುದು. ಎಷ್ಟು ಸೊಗಸಾದ ಪದ್ಧತಿ!

ಮುದ್ರೆಯ ಮೇಲೆ ಮರಳುಕಾಗದವನ್ನು ಎಂದಿಗೂ ಉಜ್ಜಬೇಡಿ. ಮುದ್ರೆ ಅಳಿಸಿದರೆ ಪೈಪಿನ ಜನ್ಮಪತ್ರಿಕೆಯೇ ಹೋದಂತೆ. ಹೊಳಪಿಗಾಗಿ ಹಾಗೆ ಹಾಳುಮಾಡಿದ ಪೈಪ್‌ಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವಲ್ಕನೈಟ್ ಮೌತ್‌ಪೀಸ್ ಹಸಿರುಗಂದು ಬಣ್ಣಕ್ಕೆ ತಿರುಗಿದ್ದರೆ ಹೆದರಬೇಕಿಲ್ಲ. ರಬ್ಬರು ಮತ್ತು ಗಂಧಕದಿಂದಾದ ಅದು ಬೆಳಕಿಗೆ ಹಾಗಾಗುತ್ತದೆ, ಹೊಳಪು ಕೊಟ್ಟರೆ ಮತ್ತೆ ಕಪ್ಪಾಗುತ್ತದೆ. ಸಂಗ್ರಹವನ್ನು ಕಿಟಕಿಯಿಂದ ದೂರವಿಡಿ.