ಹಿಮದಲ್ಲಿ ಗುಂಡಿ ತೋಡಿ ಬಿಸಿಲು ಕಾಯಿಸುವುದು: ನಾರ್ವೆಯ ನನ್ನ ಅನುಭವ

ನಾರ್ವೆಯಲ್ಲಿ ಚಳಿಗಾಲದ ಬಿಸಿಲು ತಾನಾಗಿ ಮೈಮೇಲೆ ಬೀಳುವುದಿಲ್ಲ. ಹುಡುಕಿಕೊಂಡು ಹೋಗಬೇಕು. ಸಿಕ್ಕಿದ ಮೇಲೆ ಗಾಳಿ ಅದನ್ನು ಕಿತ್ತುಕೊಳ್ಳದ ಹಾಗೆ ಒಂದು ಜಾಗ ಮಾಡಿಕೊಳ್ಳಬೇಕು. ಓಸ್ಲೋಗೆ ಬಂದ ಮೇಲೆ ಇಲ್ಲಿನವರಿಂದ ಕಲಿತದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಮೈನಸ್ 5 ಡಿಗ್ರಿ ಇದ್ದರೂ ಹೊರಗೆ ಆರಾಮಾಗಿ ಗಂಟೆಗಟ್ಟಲೆ ಕೂರಬಹುದು. ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ.

ಮೊದಲು ಗೋಡೆ. ದಕ್ಷಿಣಕ್ಕೆ ಮುಖ ಮಾಡಿದ, ಗಾಳಿ ತಾಗದ ಮನೆಗೋಡೆಗೆ ಇಲ್ಲಿ ‘ಸೂಲ್‌ವೆಗ್’ ಅನ್ನುತ್ತಾರೆ, ಅಂದರೆ ಬಿಸಿಲುಗೋಡೆ. ಬೆಟ್ಟದ ಮೇಲಿನ ಮರದ ಮನೆಗಳಲ್ಲಿ ಆ ಗೋಡೆಗೆ ಒರಗಿಸಿ ಒಂದು ಬೆಂಚು ಹಾಕಿರುತ್ತಾರೆ. ಇದರ ಹಿಂದೆ ಸರಳವಾದ ಲೆಕ್ಕವಿದೆ. ಡಿಸೆಂಬರ್ 21ರ ಸುಮಾರಿಗೆ ಓಸ್ಲೋದಲ್ಲಿ ಹಗಲು 6 ಗಂಟೆಗಿಂತ ಕಡಿಮೆ. ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 7 ಡಿಗ್ರಿ ಮೇಲೇರುವುದಿಲ್ಲ. ಅದೇ ದಿನ ಬೆಂಗಳೂರಿನಲ್ಲಿ 53 ಡಿಗ್ರಿ ದಾಟಿರುತ್ತಾನೆ. ಇಷ್ಟು ಓರೆಯಾಗಿ ಬರುವ ಬಿಸಿಲು ನೆಲದ ಮೇಲೆ ತೆಳ್ಳಗೆ ಹರಡಿಹೋಗುತ್ತದೆ. ನೆಟ್ಟಗೆ ನಿಂತ ಗೋಡೆಗೆ ಮಾತ್ರ ಎದುರಿನಿಂದ ಬಡಿಯುತ್ತದೆ. ಒಂದೇ ಅಳತೆಯ ನೆಲಕ್ಕಿಂತ ಗೋಡೆಗೆ 8 ಪಟ್ಟು ಜಾಸ್ತಿ ನೇರ ಬಿಸಿಲು ಸಿಗುತ್ತದೆ. ಆದರೂ ಡಿಸೆಂಬರಿನ ಬಿಸಿಲಿನಲ್ಲಿ ಬೆಳಕಿದೆ, ಕಾವು ಕಡಿಮೆ. ಫೆಬ್ರವರಿ ಮಧ್ಯಕ್ಕೆ ಸೂರ್ಯ 17 ಡಿಗ್ರಿ ಏರುತ್ತಾನೆ. ಆಗಿನಿಂದ ಗಾಢ ಬಣ್ಣ ಬಳಿದ ಮರದ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಅಮ್ಮ ಒಂದು ಮಾರ್ಚಿನಲ್ಲಿ ಬಂದಿದ್ದಾಗ ಅಂಥ ಗೋಡೆಗೆ ಒರಗಿ ಕೂತು, ಸುತ್ತ ಮೊಣಕಾಲುದ್ದ ಹಿಮ ಇರುವಾಗಲೇ, ‘ಸೆಕೆ ಆಗ್ತಿದೆ ಕಣೋ’ ಅಂತ ಶಾಲು ತೆಗೆದಿಟ್ಟರು.

ಗೋಡೆ ಇಲ್ಲದ ಕಡೆ ಗೋಡೆಯನ್ನು ನಾವೇ ಮಾಡಿಕೊಳ್ಳಬೇಕು. ಅದೇ ‘ಸೂಲ್‌ಗ್ರೂಪ್’, ಬಿಸಿಲುಗುಂಡಿ. ಪೋಸ್ಕೆ, ಅಂದರೆ ಈಸ್ಟರ್ ರಜೆಯಲ್ಲಿ ಬೆಟ್ಟಕ್ಕೆ ಹೋದವರೆಲ್ಲ ಇದನ್ನು ತೋಡುತ್ತಾರೆ. ನನಗೆ ಇದನ್ನು ಹೇಳಿಕೊಟ್ಟವರು ನಮ್ಮ ಪಕ್ಕದ ಮನೆಯ ಹಿರಿಯರು. ಅವರು ಸಲಿಕೆ ಹಿಡಿಯುವ ಮೊದಲು ಸುಮ್ನೆ ನಿಂತು, ಗಾಳಿ ಯಾವ ಕೆನ್ನೆಗೆ ತಾಗುತ್ತಿದೆ ಅಂತ ನೋಡುತ್ತಿದ್ದರು. ನಾನೂ ಈಗ ಹಾಗೇ ಮಾಡುತ್ತೇನೆ. ಜಾಗ ದಕ್ಷಿಣಕ್ಕೆ ಸ್ವಲ್ಪ ಇಳಿಜಾರಾಗಿದ್ದರೆ ಒಳ್ಳೆಯದು. ಆದರೆ ಕಡಿದಾದ ಇಳಿಜಾರಿನ ಮೇಲೂ ಬೇಡ, ಅದರ ಬುಡದಲ್ಲೂ ಬೇಡ. ಅಲ್ಲಿ ಹಿಮಕುಸಿತದ ಭಯ ಇರುತ್ತದೆ. ಸ್ಕೀ ದಾರಿಯಿಂದಲೂ ದೂರ ಇರಬೇಕು.

ತೋಡುವಾಗ ಹಿಮವನ್ನು ಎಲ್ಲೆಂದರಲ್ಲಿ ಎಸೆಯುವುದಿಲ್ಲ. ಗಟ್ಟಿ ಹಿಮವನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಗಾಳಿ ಬರುವ ಕಡೆ ಜೋಡಿಸುತ್ತೇನೆ. ಕೂತಾಗ ಅದು ತಲೆಯಷ್ಟು ಎತ್ತರ ಬಂದರೆ ಸಾಕು. ಬೆನ್ನಿನ ಕಡೆ ಹಿಮದಲ್ಲೇ ಒಂದು ಜಗಲಿ ಬಿಟ್ಟು, ಅದರ ಮುಂದೆ ಕಾಲಿಡಲು ಇನ್ನೂ ಆಳ ತೋಡುತ್ತೇನೆ. ಹೀಗೆ ಮಾಡಿದರೆ ಕುರ್ಚಿಯಲ್ಲಿ ಕೂತ ಹಾಗೆ ಕಾಲು ಇಳಿಬಿಟ್ಟು ಕೂರಬಹುದು. ಕಾಲು ಚಾಚಿ ಹಿಮದ ಮೇಲಿಟ್ಟರೆ ಹಿಮ್ಮಡಿಯಿಂದ ಚಳಿ ಏರುತ್ತದೆ. ಸ್ಕೀಗಳನ್ನು ಹಿಂದೆ ನೆಟ್ಟರೆ ಒರಗಲು ಆಸರೆಯೂ ಆಯಿತು.

ಎಲ್ಲಕ್ಕಿಂತ ಮುಖ್ಯ, ಕೂರುವ ಹಾಸು. ಮಡಚಿ ಚೀಲಕ್ಕೆ ಹಾಕಿಕೊಳ್ಳುವ ಸಣ್ಣ ಫೋಮ್ ತುಂಡು ಇಲ್ಲಿ ಶಾಲೆ ಮಕ್ಕಳ ಚೀಲದಲ್ಲೂ ಇರುತ್ತದೆ. ಅದಿಲ್ಲದೆ ನಾನು ಮನೆ ಬಿಡುವುದೇ ಇಲ್ಲ. ಇಡೀ ದಿನ ಇರುವುದಾದರೆ ಅದರ ಮೇಲೆ ಹಿಮಸಾರಂಗದ ಚರ್ಮ ಹಾಸುತ್ತೇನೆ. ಅದರ ಒಂದೊಂದು ಕೂದಲಿನೊಳಗೂ ಗಾಳಿ ತುಂಬಿಕೊಂಡಿರುತ್ತದೆ, ಹಾಗಾಗಿ ಕೆಳಗಿನ ಚಳಿ ಮೇಲೆ ಬರುವುದಿಲ್ಲ. ಬಟ್ಟೆಯಲ್ಲಿ ಒಂದೇ ನಿಯಮ: ಮೈಗೆ ತಾಗುವುದು ಉಣ್ಣೆಯೇ ಆಗಿರಬೇಕು. ನಡೆದು ಬಂದು ಬೆವತಿದ್ದರೆ ಕೂರುವ ಮೊದಲೇ ಒಳಂಗಿ ಬದಲಿಸಿ. ದಪ್ಪ ಜಾಕೆಟ್ಟನ್ನು ಚಳಿ ಶುರುವಾದ ಮೇಲಲ್ಲ, ನಿಂತ ತಕ್ಷಣ ಹಾಕಿಕೊಳ್ಳಿ.

ಕಪ್ಪು ಕನ್ನಡಕ ಇಲ್ಲಿ ಶೋಕಿ ಅಲ್ಲ. ಹೊಸ ಹಿಮ ಅತಿನೇರಳೆ ಕಿರಣದ ಶೇ. 80ರಷ್ಟನ್ನು ವಾಪಸ್ ಎಸೆಯಬಲ್ಲದು. ಬಿಸಿಲು ಮೇಲಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ಬರುತ್ತದೆ. ಅದಕ್ಕೇ ಗದ್ದದ ಅಡಿ, ಮೂಗಿನ ತಳ, ಕಿವಿಯ ಹಿಂದೆ ಸನ್‌ಸ್ಕ್ರೀನ್ ಹಚ್ಚಬೇಕು. ನಮ್ಮ ಕಂದು ಮೈಬಣ್ಣಕ್ಕೆ ಇದೆಲ್ಲ ಬೇಡ ಅನ್ನುವ ಗೆಳೆಯರಿದ್ದಾರೆ. ಬೇಕು. ಕಣ್ಣಿಗಂತೂ ಬೇಕೇ ಬೇಕು.

ಗುಂಡಿಯಲ್ಲಿ ಕೂತು ತಿನ್ನುವುದಕ್ಕೂ ಒಂದು ಸಂಪ್ರದಾಯ ಇದೆ. ಕಿತ್ತಳೆ ಹಣ್ಣು, ಫ್ಲಾಸ್ಕಿನಲ್ಲಿ ಬಿಸಿ ಕೋಕೋ, ಮತ್ತೆ ‘ಕ್ವಿಕ್ ಲುನ್ಶ್’ ಚಾಕೊಲೇಟು. 1937ರಿಂದ ಬರುತ್ತಿರುವ ಈ ಚಾಕೊಲೇಟಿನ ಹೊದಿಕೆಯ ಒಳಬದಿಯಲ್ಲಿ ಬೆಟ್ಟಕ್ಕೆ ಹೋಗುವವರಿಗೆ 9 ನಿಯಮಗಳನ್ನು ಅಚ್ಚು ಹಾಕುತ್ತಾರೆ. 1967ರ ಈಸ್ಟರಿನಲ್ಲಿ 18 ಜನ ಸತ್ತ ಮೇಲೆ ಈ ನಿಯಮಗಳಿಗೆ ದೊಡ್ಡ ಪ್ರಚಾರ ಸಿಕ್ಕಿತು. ಹೊತ್ತಿಗೆ ಮುಂಚೆ ಹಿಂದಿರುಗಿ, ಹಿಂದಿರುಗುವುದರಲ್ಲಿ ನಾಚಿಕೆ ಇಲ್ಲ ಅನ್ನುವುದು ಅದರಲ್ಲೊಂದು. ನನ್ನ ಚೀಲದಲ್ಲಿ ಇವುಗಳ ಜೊತೆ ಚಕ್ಕುಲಿಯೂ ಇರುತ್ತದೆ. ಚಳಿಗೆ ಚಪಾತಿ ಕಲ್ಲಾಗುತ್ತದೆ, ಚಕ್ಕುಲಿ ಆಗುವುದಿಲ್ಲ.

ಬಿಸಿಲಿಗಾಗಿ ಇಲ್ಲಿನವರು ಎಷ್ಟು ದೂರ ಹೋಗುತ್ತಾರೆ ಅನ್ನುವುದು ನನಗೆ ಅರ್ಥವಾದದ್ದು ರ್ಯೂಕನ್‌ಗೆ ಹೋದಾಗ. ಆಳವಾದ ಕಣಿವೆಯ ಊರು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಸುತ್ತಲ ಬೆಟ್ಟ ಬಿಸಿಲನ್ನು ತಡೆದುಬಿಡುತ್ತದೆ. ಅಲ್ಲಿ ಕಾರ್ಖಾನೆ ಕಟ್ಟಿದ ನಾರ್ಸ್ಕ್ ಹೈಡ್ರೊ ಕಂಪನಿ, ಜನ ಚಳಿಗಾಲದಲ್ಲೂ ಸೂರ್ಯನನ್ನು ನೋಡಲಿ ಅಂತ 1928ರಲ್ಲಿ ಬೆಟ್ಟದ ಮೇಲಕ್ಕೆ ರೋಪ್‌ವೇ ಹಾಕಿಸಿಕೊಟ್ಟಿತು. 2013ರಲ್ಲಿ ಬೆಟ್ಟದ ಮೇಲೆ, ಊರಿಗಿಂತ 450 ಮೀಟರ್ ಎತ್ತರದಲ್ಲಿ, ತಲಾ 17 ಚದರ ಮೀಟರಿನ ಮೂರು ಕನ್ನಡಿ ನಿಲ್ಲಿಸಿದರು. ಅವು ಸೂರ್ಯನ ಜೊತೆಗೇ ತಿರುಗುತ್ತಾ ಊರಿನ ಚೌಕಕ್ಕೆ ಬಿಸಿಲು ಹಾಯಿಸುತ್ತವೆ. ನಾನು ಆ ಬೆಳಕಿನ ತುಂಡಿನೊಳಗೆ ಬೆಂಚಿನ ಮೇಲೆ ಕೂತಿದ್ದೆ. ಅಕ್ಕಪಕ್ಕದವರೂ ಕಣ್ಣುಮುಚ್ಚಿ, ಮುಖ ಮೇಲೆತ್ತಿ ಕೂತಿದ್ದರು. ನೂರು ವರ್ಷದ ಹಿಂದಿನ ಆಸೆಯನ್ನು ಒಂದು ಊರು ಬಿಡದೆ ನಡೆಸಿಕೊಂಡಿದ್ದು ನೋಡಿ ನನ್ನ ಮನಸ್ಸು ತುಂಬಿ ಬಂತು.

ಉತ್ತರದ ತ್ರೂಮ್ಸೋದಲ್ಲಿ ಸುಮಾರು ಎರಡು ತಿಂಗಳು ಸೂರ್ಯನೇ ಕಾಣುವುದಿಲ್ಲ. ಜನವರಿ 21ರ ಹೊತ್ತಿಗೆ ಮತ್ತೆ ಕಂಡಾಗ ‘ಸೂಲ್‌ಬೊಲ್ಲೆ’ ಅನ್ನುವ ಬನ್ನು ತಿಂದು ಹಬ್ಬ ಮಾಡುತ್ತಾರೆ.

ಓಸ್ಲೋದಲ್ಲಿರುವ ಕನ್ನಡದವರಿಗೆ ಒಂದು ಮಾತು. ಸ್ಕೀ ಬರದಿದ್ದರೂ ಪರವಾಗಿಲ್ಲ, ಸಲಿಕೆಯೂ ಬೇಡ. ಮೆಟ್ರೊ 1ನೇ ಮಾರ್ಗ ಹತ್ತಿ ಕೊನೆಯ ನಿಲ್ದಾಣ ಫ್ರೋಗ್ನರ್‌ಸೇಟೆರನ್‌ಗೆ ಹೋಗಿ. ಕೆಳಗೆ ಊರಿಗೆ ಮಂಜು ಮುಸುಕಿದ್ದರೂ ಮೇಲೆ ಬಿಸಿಲಿರುವ ದಿನಗಳು ಬೇಕಾದಷ್ಟು. 11 ಗಂಟೆಗೆ ಮೇಲಿರುವ ಹಾಗೆ ಹೊರಡಿ, 2 ಗಂಟೆಯ ಮೇಲೆ ಬಿಸಿಲಿನ ಕಾವು ಇಳಿಯುತ್ತದೆ. ಹಾಸು, ಫ್ಲಾಸ್ಕು, ಕನ್ನಡಕ ಮರೆಯಬೇಡಿ. ಬೆಟ್ಟಕ್ಕೇ ಹೋಗಿ ಗುಂಡಿ ತೋಡಿದರೆ, ಹೊರಡುವ ಮುಂಚೆ ಅದನ್ನು ಮುಚ್ಚಿ. ರಾತ್ರಿ ಹಿಮ ಬಿದ್ದು ಮರೆಯಾದ ಗುಂಡಿಗೆ ಮರುದಿನ ಯಾರಾದರೂ ಸ್ಕೀ ಸಮೇತ ಬೀಳಬಹುದು. ಕಿತ್ತಳೆ ಸಿಪ್ಪೆ ಚೀಲದಲ್ಲೇ ವಾಪಸ್ ಬರಲಿ.